ಸುಂಕದ ಕಟ್ಟೆಯಲ್ಲಿ ರಬ್ಬರಿನ ಜಾತಿ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ನಮ್ಮ ಹಿರಿಯರು ಕಂಡುಕೊಂಡಿದ್ದರು. ಅವನು ಕೇಳುವುದು ಒಂದೇ ಪ್ರಶ್ನೆ: ಮೂಟೆಯಲ್ಲಿ ಏನಿದೆ? ಊರ ಬಾಗಿಲಲ್ಲಿ ಆಕ್ಟ್ರಾಯ್ ನಾಕೆ ಇದ್ದ ಕಾಲ ನಮ್ಮ ಪೇಟೆಯ ಹಿರಿಯ ವರ್ತಕರಿಗೆ ನೆನಪಿರಬೇಕು. ಒಂದೇ ಗಾಡಿಯ ಸರಕಿಗೆ ಗುಮಾಸ್ತನು ಒಂದು ಹೆಸರು ಬರೆದರೆ ಒಂದು ದರ, ಇನ್ನೊಂದು ಹೆಸರು ಬರೆದರೆ ಇನ್ನೊಂದು ದರ. ಹೆಸರು ಬರೆಯುವ ಲೇಖನಿಯಲ್ಲಿಯೇ ಲಾಭನಷ್ಟ ಅಡಗಿರುತ್ತಿತ್ತು. ಆ ನಾಕೆಗಳು ಹೋದವು. ಆದರೆ ಅದೇ ಆಟ ಬಂದರುಗಳಲ್ಲಿ, ಕೋಟ್ಯಂತರ ರೂಪಾಯಿಗಳ ಪ್ರಮಾಣದಲ್ಲಿ, ಇಂದಿಗೂ ನಡೆದಿದೆ. ಈ ವಾರ ನಾವು ರಬ್ಬರಿನ ವಿಷಯವನ್ನು ಎತ್ತಿಕೊಂಡಿರುವುದು ಅದಕ್ಕಾಗಿ.

ಗಿರಣಿಯ ಕೆಲಸಗಾರನಿಗೂ ಚಪ್ಪಲಿ ಅಂಗಡಿಯವನಿಗೂ ಈ ವಿಷಯದಲ್ಲಿ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ರಿಂಗ್ ಫ್ರೇಮಿನ ಮೇಲಿನ ರೋಲರಿಗೆ ತೊಡಿಸುವ ರಬ್ಬರ್ ಕಾಟ್ ಸವೆದರೆ ನೂಲು ಹೇಗೆ ಕೆಡುತ್ತದೆಂಬುದು ಸ್ಪಿನ್ನಿಂಗ್ ಖಾತೆಯವರಿಗೆ ನಾವು ಹೇಳಬೇಕಾದುದಿಲ್ಲ. ಆ ಪುಟ್ಟ ಕಾಟ್‌ಗೂ ಭಾರತದ ಸುಂಕಪಟ್ಟಿಯಲ್ಲಿ ಎಂಟು ಅಂಕಿಗಳ ಪ್ರತ್ಯೇಕ ಸಂಖ್ಯೆಯೊಂದಿದೆ. ಸೈಕಲ್ ಟ್ಯೂಬು, ಹವಾಯಿ ಚಪ್ಪಲಿ, ನೀರಿನ ಹೋಸು, ಲಾರಿಯ ಟೈರು, ಎಲ್ಲಕ್ಕೂ ಸಂಖ್ಯೆಗಳಿವೆ. ಸರಕಿನ ದರ ಎಲ್ಲಿಂದ ಏರಿತು, ಯಾರಿಂದ ಇಳಿಯಿತು ಎಂದು ತಿಳಿಯಬೇಕಾದವರು ಈ ಸಂಖ್ಯೆಗಳ ಮರ್ಮವನ್ನು ಸ್ವಲ್ಪವಾದರೂ ತಿಳಿದಿರಬೇಕು.

ಜಗತ್ತಿನ ವ್ಯಾಪಾರದಲ್ಲಿ ಓಡಾಡುವ ಪ್ರತಿಯೊಂದು ಸರಕಿಗೂ ಸಂಖ್ಯೆ ಕೊಡುವ ಪದ್ಧತಿಗೆ ಹಾರ್ಮೊನೈಸ್ಡ್ ಸಿಸ್ಟಂ ಎಂದು ಹೆಸರು. ಬ್ರಸೆಲ್ಸಿನಲ್ಲಿರುವ ವಿಶ್ವ ಸುಂಕ ಸಂಸ್ಥೆ ಇದನ್ನು ನಡೆಸುತ್ತದೆ. 1988ರ ಜನವರಿ 1ರಿಂದ ಇದು ಜಾರಿಯಲ್ಲಿದೆ. ಭಾರತವು 1986ರಲ್ಲಿಯೇ ತನ್ನ ಸುಂಕಪಟ್ಟಿಯನ್ನು ಇದಕ್ಕೆ ಹೊಂದಿಸಿಕೊಂಡಿತು. ಇಂದು 200ಕ್ಕೂ ಹೆಚ್ಚು ದೇಶಗಳೂ ಸುಂಕಪ್ರದೇಶಗಳೂ ಇದನ್ನು ಬಳಸುತ್ತವೆ. ಮೊದಲ ಆರು ಅಂಕಿಗಳು ಎಲ್ಲ ದೇಶಗಳಿಗೂ ಒಂದೇ. ಆ ಮೇಲಿನ ಅಂಕಿಗಳನ್ನೂ ಸುಂಕದ ದರವನ್ನೂ ಆಯಾ ದೇಶ ತಾನೇ ಗೊತ್ತುಮಾಡಿಕೊಳ್ಳುತ್ತದೆ.

ಈ ಪಟ್ಟಿಯಲ್ಲಿ ರಬ್ಬರಿನದು 40ನೆಯ ಅಧ್ಯಾಯ. ಅದರ ಮೊದಲನೆಯ ಶೀರ್ಷಿಕೆ 4001 ನೈಸರ್ಗಿಕ ರಬ್ಬರಿಗೆ ಮೀಸಲು. ಮರದ ಹಾಲು ಹಾಲಾಗಿಯೇ ಬಂದರೆ 4001.10. ಹೊಗೆ ಕೊಟ್ಟ ಶೀಟಾಗಿ ಬಂದರೆ 4001.21. ಪ್ರಯೋಗಶಾಲೆಯ ಪರೀಕ್ಷೆಯಿಂದ ದರ್ಜೆ ಕಟ್ಟಿದ ಗಟ್ಟಿಯಾಗಿ ಬಂದರೆ 4001.22. ಉಳಿದ ನೈಸರ್ಗಿಕ ರಬ್ಬರಿಗೆ 4001.29. ಕೊನೆಗೆ 4001.30ರಲ್ಲಿ ಗಟಾಪರ್ಚಾ, ಬಲಾಟಾ, ಚಿಕಲ್ ಮುಂತಾದ ದೂರದ ನೆಂಟರನ್ನು ಒಟ್ಟಿಗೆ ಕೂರಿಸಿದ್ದಾರೆ. ಗಟಾಪರ್ಚಾ ಎಂಬುದು ಒಂದು ಕಾಲಕ್ಕೆ ಸಮುದ್ರದಡಿಯ ತಂತಿಗಳಿಗೆ ಹೊದಿಕೆಯಾಗಿ ಸಾಮ್ರಾಜ್ಯಗಳನ್ನೇ ಜೋಡಿಸಿದ ಪದಾರ್ಥ. ಈಗ ಅದು ಪಟ್ಟಿಯ ಮೂಲೆಯಲ್ಲಿ ಕುಳಿತಿದೆ.

ಇಲ್ಲಿಯ ತನಕ ಜಗಳವಿಲ್ಲ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ಕಡೆಯ ಬೆಳೆಗಾರನೊಬ್ಬನು ಬೆಳಗಿನ ಜಾವ ಮರದ ತೊಗಟೆ ಕೆತ್ತಿ, ಗೆರಟೆಗೆ ಇಳಿದ ಹಾಲನ್ನು ಸೋಸಿ, ನೀರು ಬೆರಸಿ, ಫಾರ್ಮಿಕ್ ಆಮ್ಲದಿಂದ ಹೆಪ್ಪುಗಟ್ಟಿಸಿ, ರೋಲರಿನಲ್ಲಿ ಒತ್ತಿ, ಹೊಗೆಮನೆಯಲ್ಲಿ ಒಣಗಿಸಿದರೆ ಆಗುವುದು 4001.21. ಗಿಡ ನೆಟ್ಟ ಮೇಲೆ ಈ ಶೀಟಿನ ಮುಖ ಕಾಣಲು ಅವನು ಸುಮಾರು ಏಳು ವರ್ಷ ಕಾದಿರುತ್ತಾನೆ. ಮರದಿಂದ ಇಳಿದ ಹಾಲಿನಲ್ಲಿ ನೂರಕ್ಕೆ ಮೂವತ್ತು ಮೂವತ್ತೈದು ಪಾಲು ಮಾತ್ರ ರಬ್ಬರು. ಉಳಿದುದು ಬಹುಪಾಲು ನೀರು. ಅಷ್ಟು ಶ್ರಮದ ಪದಾರ್ಥಕ್ಕೆ ರಕ್ಷಣೆಯಿರಲೆಂದು ಸರ್ಕಾರವು ಹೊರಗಿನ ಒಣ ರಬ್ಬರಿನ ಮೇಲೆ ಆಮದು ಸುಂಕ ಹಾಕಿದೆ. 2015ರ ಏಪ್ರಿಲ್ ಕೊನೆಯಲ್ಲಿ ಆ ಸುಂಕವನ್ನು ನೂರಕ್ಕೆ 20ರಿಂದ 25ಕ್ಕೆ ಏರಿಸಲಾಯಿತು. ಆದರೆ ಕಿಲೋಗೆ 30 ರೂಪಾಯಿ ಮೀರತಕ್ಕದ್ದಲ್ಲ, ಎರಡರಲ್ಲಿ ಯಾವುದು ಕಡಮೆಯೋ ಅದು.

ಈ "ಯಾವುದು ಕಡಮೆಯೋ ಅದು" ಎಂಬ ಮೂರು ಮಾತುಗಳನ್ನು ಓದುಗರು ಗಮನಿಸಬೇಕು. ರಬ್ಬರಿನ ಆಮದು ಬೆಲೆ ಕಿಲೋಗೆ 80 ರೂಪಾಯಿಗೆ ಬಿದ್ದಿತೆನ್ನೋಣ. ಸುಂಕ 20 ರೂಪಾಯಿ. 120 ರೂಪಾಯಿ ಇದ್ದರೆ ಸುಂಕ 30. 240 ಆದರೂ ಸುಂಕ 30ರಲ್ಲಿಯೇ ನಿಲ್ಲುತ್ತದೆ. ಅಂದರೆ ಬೆಲೆ ಬಿದ್ದು ಬೆಳೆಗಾರನಿಗೆ ಹೆಚ್ಚು ಆಸರೆ ಬೇಕಾದಾಗ ಗೋಡೆಯ ಎತ್ತರವೂ ತಗ್ಗುತ್ತದೆ; ಬೆಲೆ ಏರಿದಾಗ ಆಮದುಗಾರನಿಗೆ ಹೊರೆ ಮೀರದಂತೆ ಮಿತಿ ಕಾಯುತ್ತದೆ. 2011ರಲ್ಲಿ ಕಿಲೋಗೆ 240 ರೂಪಾಯಿ ದಾಟಿದ್ದ ಶೀಟು 2016ರ ಆರಂಭದಲ್ಲಿ 100 ರೂಪಾಯಿಗಿಂತ ಕೆಳಗೆ ಬಿದ್ದಿತ್ತು. ಆಗ ಎಷ್ಟೋ ತೋಟಗಳಲ್ಲಿ ಟ್ಯಾಪಿಂಗ್ ನಿಂತಿತು. ಟ್ಯಾಪಿಂಗ್ ನಿಂತರೆ ಮೊದಲು ಕೂಲಿ ಹೋಗುವುದು ಕತ್ತಿ ಹಿಡಿದವನಿಗೆ.

ಇನ್ನು ಕಥೆಯ ತಿರುಳಿಗೆ ಬರೋಣ. ಅದೇ 40ನೆಯ ಅಧ್ಯಾಯದಲ್ಲಿ 4005 ಎಂಬ ಇನ್ನೊಂದು ಶೀರ್ಷಿಕೆಯಿದೆ. ಅದು ಸಂಯುಕ್ತ ರಬ್ಬರಿಗೆ, ಎಂದರೆ ಕಚ್ಚಾ ರಬ್ಬರಿಗೆ ಕಾರ್ಬನ್ ಕಪ್ಪು, ಗಂಧಕ, ತೈಲ, ಸತುವಿನ ಭಸ್ಮ ಮುಂತಾದುವನ್ನು ಅರೆದು ಸೇರಿಸಿ, ಆದರೆ ಇನ್ನೂ ಬೇಯಿಸದೆ ಇಟ್ಟ ಹದಕ್ಕೆ. ಟೈರಿನ ಅಚ್ಚಿಗೆ ಹೋಗುವ ಮೊದಲಿನ ಹಿಟ್ಟು ಎನ್ನಬಹುದು. ಯಾವುದು ಕಚ್ಚಾ, ಯಾವುದು ಸಂಯುಕ್ತ ಎಂದು ತೀರ್ಮಾನಿಸಲು ಆ ಅಧ್ಯಾಯಕ್ಕೆ ಟಿಪ್ಪಣಿಗಳನ್ನು ಬರೆದಿದ್ದಾರೆ. ಐದನೆಯ ಟಿಪ್ಪಣಿಯ ಸಾರಾಂಶ ಹೀಗೆ: ಬೇಯಿಸುವ ದ್ರವ್ಯಗಳನ್ನು, ಬಣ್ಣಗಳನ್ನು, ಮೆದುಗೊಳಿಸುವ ಅಥವಾ ಭರ್ತಿ ಮಾಡುವ ಪದಾರ್ಥಗಳನ್ನು ಬೆರಸಿದ ರಬ್ಬರು 4001ರಲ್ಲಿ ಇರಲಾರದು. ಆದರೆ ಕೆಡದಂತೆ ಕಾಯುವ, ಹೆಪ್ಪುಗಟ್ಟಿಸುವ, ಅಂಟದಂತೆ ಮಾಡುವ ದ್ರವ್ಯಗಳು ಅತ್ಯಲ್ಪವಾಗಿ ಇದ್ದರೆ ಅಡ್ಡಿಯಿಲ್ಲ, ಕಚ್ಚಾ ಸಾಮಗ್ರಿಯೆಂಬ ಮೂಲಗುಣ ಉಳಿದಿದ್ದರೆ ಸರಿ. ಗುರುತಿಗೆಂದು ಮಾತ್ರ ಬಳಿದ ಬಣ್ಣಕ್ಕೂ ವಿನಾಯಿತಿಯಿದೆ. ಬರೆದವರು ಬುದ್ಧಿವಂತರೇ ಸರಿ. ರಬ್ಬರನ್ನು ಅವರು ಚೆನ್ನಾಗಿ ಬಲ್ಲವರು. ವ್ಯಾಪಾರಿಯನ್ನು ಬಲ್ಲವರೋ ಅಲ್ಲವೋ ನಾವು ಹೇಳಲಾರೆವು.

ಏಕೆಂದರೆ ಈ ಟಿಪ್ಪಣಿ ಒಂದು ದಿಕ್ಕಿನಲ್ಲಿ ಮಾತ್ರ ಕಾವಲು ಕಾಯುತ್ತದೆ. ಬೆರಕೆಯ ರಬ್ಬರು ಕಚ್ಚಾ ರಬ್ಬರಿನ ವೇಷ ಹಾಕಿ ಬಾರದಂತೆ ತಡೆಯುತ್ತದೆ. ಕಚ್ಚಾ ರಬ್ಬರು ಚಿಟಿಕೆ ಗಂಧಕವನ್ನೋ ಹಿಡಿ ಕರಿಪುಡಿಯನ್ನೋ ಮೈಗೆ ಬಳಿದುಕೊಂಡು ಸಂಯುಕ್ತವೆಂದು ಹೆಸರು ಬರೆಸಿಕೊಂಡರೆ? ನಮ್ಮ ದೇಶದಲ್ಲಿ 2023ರ ವರೆಗೆ ಸಂಯುಕ್ತ ರಬ್ಬರಿನ ಮೂಲ ಸುಂಕ ನೂರಕ್ಕೆ 10 ಮಾತ್ರವಿತ್ತು. ಲೆಕ್ಕ ಹಾಕಿ ನೋಡಿ. ಕಿಲೋಗೆ 150 ರೂಪಾಯಿಯ ಸರಕು ಎಂದು ಹಿಡಿದರೆ, ಕಚ್ಚಾ ಎಂದು ಬರೆದಾಗ ಸುಂಕ 30 ರೂಪಾಯಿ, ಸಂಯುಕ್ತ ಎಂದು ಬರೆದಾಗ 15 ರೂಪಾಯಿ. ಇಪ್ಪತ್ತು ಟನ್ನಿನ ಒಂದು ಪೆಟ್ಟಿಗೆಯಲ್ಲಿ ಈ ಹೆಸರಿನ ವ್ಯತ್ಯಾಸ 3 ಲಕ್ಷ ರೂಪಾಯಿ! ಒಬ್ಬ ಟ್ಯಾಪರ್ ಕೆಲಸಗಾರ ಒಂದು ವರ್ಷದಲ್ಲಿ ಕಾಣುವ ದುಡ್ಡು ಎಷ್ಟೆಂದು ಓದುಗರು ತಾವೇ ವಿಚಾರಿಸಿ ತೂಗಿ ನೋಡಲಿ.

ಇದು ಬರಿಯ ನಮ್ಮ ಊಹೆಯಲ್ಲ. 2023ರ ಫೆಬ್ರವರಿ 1ರಂದು ಆಯವ್ಯಯ ಮಂಡಿಸಿದ ಅರ್ಥಸಚಿವೆ ನಿರ್ಮಲಾ ಸೀತಾರಾಮನ್ ಅವರು ಸಂಯುಕ್ತ ರಬ್ಬರಿನ ಸುಂಕವನ್ನು ನೂರಕ್ಕೆ 10ರಿಂದ, 25 ಅಥವಾ ಕಿಲೋಗೆ 30 ರೂಪಾಯಿ, ಯಾವುದು ಕಡಮೆಯೋ ಅದಕ್ಕೆ ಏರಿಸಿದರು. ಸುಂಕ ತಪ್ಪಿಸಿಕೊಳ್ಳುವುದನ್ನು ತಡೆಯಲು ಇದನ್ನು ಒಣ ರಬ್ಬರಿನ ಸುಂಕಕ್ಕೆ ಸಮಮಾಡಲಾಗಿದೆ ಎಂಬ ಕಾರಣವನ್ನೂ ಸಭೆಯಲ್ಲಿಯೇ ಹೇಳಿದರು. ತಪ್ಪಿಸಿಕೊಳ್ಳುವ ದಾರಿಯೊಂದಿತ್ತೆಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಬೆಲೆ ಕುಸಿದ ವರ್ಷಗಳೆಲ್ಲ ಕಳೆದ ಮೇಲೆ ಈ ಒಪ್ಪಿಗೆ ಬಂದಿತೆಂಬುದನ್ನು ಮಾತ್ರ ಹೇಳದೆ ಇರಲಾರೆವು. ಈ ಹೆಜ್ಜೆಯನ್ನು ನಾವು ಸ್ವಾಗತಿಸುತ್ತೇವೆ. ಆದರೆ ಬಾಗಿಲು ಪೂರ್ತಿ ಮುಚ್ಚಿತೆಂದು ನಂಬಲು ಸಿದ್ಧರಿಲ್ಲ.

ಮೊದಲನೆಯದು, ಆಸಿಯಾನ್ ದೇಶಗಳೊಡನೆ 2010ರ ಜನವರಿ 1ರಿಂದ ಜಾರಿಗೆ ಬಂದ ಒಪ್ಪಂದ. ಜಗತ್ತಿನ ರಬ್ಬರಿನ ಕಣಜಗಳಾದ ಥಾಯ್ಲೆಂಡ್, ಇಂಡೊನೇಷ್ಯ, ವಿಯೆಟ್ನಾಂ, ಮಲೇಷ್ಯಗಳು ಅದರೊಳಗಿವೆ. ಬೆಳೆಗಾರರ ಕೂಗಿಗೆ ಮಣಿದು ನೈಸರ್ಗಿಕ ರಬ್ಬರನ್ನು ರಿಯಾಯಿತಿಯಿಂದ ಹೊರಗಿಟ್ಟರು. ಸಂಯುಕ್ತ ರಬ್ಬರಿಗೆ ರಿಯಾಯಿತಿ ಕೊಟ್ಟರು. ಮುಂಬಾಗಿಲಿಗೆ ಬೀಗ, ಹಿತ್ತಲ ಬಾಗಿಲಿಗೆ ಚಿಲಕವೂ ಇಲ್ಲ! ಆ ಒಪ್ಪಂದದ ಸಾಮಾನ್ಯ ಕಟ್ಟಳೆ ಏನೆಂದರೆ, ಸರಕಿನ ಬೆಲೆಯಲ್ಲಿ ನೂರಕ್ಕೆ 35 ಪಾಲಾದರೂ ಆ ಪ್ರದೇಶದಲ್ಲಿ ಹುಟ್ಟಿರಬೇಕು, ಮತ್ತು ಆರಂಕಿಯ ಮಟ್ಟದಲ್ಲಿ ಸಂಖ್ಯೆ ಬದಲಾಗಿರಬೇಕು. ರಬ್ಬರು ಬೆಳೆಯುವ ನಾಡಿನಲ್ಲಿಯೇ ಬೆರಕೆ ಮಾಡುವವನಿಗೆ ಈ ಎರಡೂ ಕಷ್ಟದ ಮಾತಲ್ಲ. ಆಯವ್ಯಯದಲ್ಲಿ ಮೂಲ ಸುಂಕವನ್ನು ಎಷ್ಟು ಏರಿಸಿದರೂ ಒಪ್ಪಂದದಲ್ಲಿ ಬರೆದುಕೊಟ್ಟ ರಿಯಾಯಿತಿ ದರವನ್ನು ಅದು ತಾನಾಗಿ ಮುಟ್ಟಲಾರದು. ಒಪ್ಪಂದವನ್ನೇ ತಿದ್ದಿಸಬೇಕು.

ಎರಡನೆಯದನ್ನು ತಿಳಿಯಲು ಚೀನದ ಅನುಭವ ನೋಡಬೇಕು. ಅಲ್ಲಿ ಹೈನಾನ್ ಮತ್ತು ಯುನ್ನಾನಿನಲ್ಲಿ ರಬ್ಬರ್ ತೋಟಗಳಿವೆ. ಅವುಗಳ ರಕ್ಷಣೆಗೆ ನೈಸರ್ಗಿಕ ರಬ್ಬರಿಗೆ ಸುಂಕವಿತ್ತು. ಆಸಿಯಾನಿನಿಂದ ಬರುವ ಸಂಯುಕ್ತ ರಬ್ಬರಿಗೆ ಇರಲಿಲ್ಲ. ಪರಿಣಾಮವಾಗಿ ನೂರಕ್ಕೆ 95ರಿಂದ 99.5ರ ವರೆಗೆ ರಬ್ಬರೇ ಇದ್ದ ಸರಕು ಸಂಯುಕ್ತವೆಂಬ ಹೆಸರಿನಲ್ಲಿ ಹಡಗುಗಟ್ಟಲೆ ಬಂದಿಳಿಯಿತು. ನೂರು ಕಿಲೋಗೆ ಅರ್ಧ ಕಿಲೋ ಬೆರಕೆ ಹಾಕಿದರೂ ಸಾಕಾಗಿತ್ತು. 2015ರ ಜುಲೈ 1ರಿಂದ ಚೀನ ಹೊಸ ಮಾನಕ ತಂದು, ಸಂಯುಕ್ತವೆನ್ನಿಸಿಕೊಳ್ಳಲು ಕಚ್ಚಾ ರಬ್ಬರು ನೂರಕ್ಕೆ 88ನ್ನು ಮೀರಬಾರದೆಂದು ಕಟ್ಟುಮಾಡಿತು. ವ್ಯಾಪಾರಿಗಳು ಸುಮ್ಮನೆ ಕೂತರೇ? ಇವರು ಚಾಪೆಯ ಕೆಳಗೆ ತೂರಿದರೆ ಅವರು ರಂಗೋಲಿಯ ಕೆಳಗೆ ತೂರಿದರು. ಪಟ್ಟಿಯಲ್ಲಿ 4002.80 ಎಂಬ ಮತ್ತೊಂದು ಸಂಖ್ಯೆಯಿದೆ. ಅದು ನೈಸರ್ಗಿಕ ರಬ್ಬರಿಗೂ ಕೃತಕ ರಬ್ಬರಿಗೂ ಆದ ಮಿಶ್ರಣಕ್ಕೆ. ಎಷ್ಟಕ್ಕೆ ಎಷ್ಟು ಬೆರಸಬೇಕೆಂದು ಆ ಶೀರ್ಷಿಕೆಯ ಮಾತಿನಲ್ಲಿ ಹೇಳಿಲ್ಲ. ನೂರಕ್ಕೆ 97.5 ನೈಸರ್ಗಿಕ, 2.5 ಕೃತಕ ಸೇರಿಸಿದ ಗಟ್ಟಿಗಳು ಮಿಶ್ರಣವೆಂಬ ಹೊಸ ಹೆಸರಿನಿಂದ ಅಲ್ಲಿಗೆ ಹರಿದವು. ಕಾರ್ಖಾನೆಗೆ ಬೇಕಾದುದು ಮೊದಲಿನ ರಬ್ಬರೇ, ಬದಲಾದುದು ಕಾಗದ.

ರಬ್ಬರಿನ ಚರಿತ್ರೆಗೆ ಇದೇನೂ ಹೊಸದಲ್ಲ. 1876ರಲ್ಲಿ ಹೆನ್ರಿ ವಿಕಂ ಎಂಬ ಇಂಗ್ಲಿಷಿನವನು ಬ್ರೆಜಿಲಿನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಹಡಗಿನಲ್ಲಿ ತುಂಬಿ ಲಂಡನ್ನಿನ ಕ್ಯೂ ತೋಟಕ್ಕೆ ಒಯ್ದನು. ದಾರಿಯ ಸುಂಕದ ಕಟ್ಟೆಯಲ್ಲಿ, ರಾಣಿಯ ತೋಟಕ್ಕೆ ಹೋಗುವ ಅತಿ ನಾಜೂಕಿನ ಸಸ್ಯಗಳ ಮಾದರಿ ಎಂದು ಹೇಳಿ ಪಾರಾದೆನೆಂದು ಅವನೇ ಮುಂದೆ ಬಡಾಯಿ ಕೊಚ್ಚಿಕೊಂಡನು. ಆಗ ಬೀಜ ಸಾಗಿಸಬಾರದೆಂಬ ಕಾನೂನೇ ಬ್ರೆಜಿಲಿನಲ್ಲಿ ಇರಲಿಲ್ಲವೆಂದೂ, ಕಥೆಗೆ ಅವನು ಉಪ್ಪುಖಾರ ಹಚ್ಚಿದನೆಂದೂ ಬಲ್ಲವರು ಹೇಳುತ್ತಾರೆ. ಏನೇ ಇರಲಿ, ಏಷ್ಯದ ತೋಟಗಳೆಲ್ಲ ಹುಟ್ಟಿದ್ದು ಆ ಬೀಜಗಳ ಸಂತತಿಯಿಂದ.

ಮೂರನೆಯ ಸಂಗತಿ ಇನ್ನೂ ದೊಡ್ಡದು. ಅದು ನಡೆದುದು ಬಂದರಿನಲ್ಲಿ ಅಲ್ಲ, ಜಿನೀವದಲ್ಲಿ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿದಾಗ ಕೃಷಿ ಒಪ್ಪಂದವೊಂದನ್ನು ಮಾಡಿಕೊಂಡರು. ಕೃಷಿ ಉತ್ಪನ್ನವೆಂದರೆ ಯಾವುದು? ಮತ್ತೆ ಇದೇ ಸಂಖ್ಯೆಗಳ ಪಟ್ಟಿಯನ್ನು ತೆರೆದು, ಮೀನನ್ನು ಬಿಟ್ಟು ಮೊದಲ 24 ಅಧ್ಯಾಯಗಳು ಎಂದು ಗೆರೆ ಎಳೆದರು. ಗೆರೆಯ ಆಚೆಯಿಂದಲೂ ಕೆಲವನ್ನು ಆರಿಸಿ ಒಳಗೆ ಕರೆದುಕೊಂಡರು: ಹತ್ತಿ, ಕಚ್ಚಾ ರೇಷ್ಮೆ, ಉಣ್ಣೆ, ಹಸಿ ಚರ್ಮ, ಅಗಸೆ ನಾರು. ರಬ್ಬರನ್ನು ಕರೆಯಲಿಲ್ಲ. ಸೆಣಬನ್ನೂ ಕರೆಯಲಿಲ್ಲ. ಯೂರೋಪಿನ ಅಗಸೆ ನಾರು ಬೇಸಾಯ, ಬಂಗಾಳದ ಸೆಣಬು ಬೇಸಾಯವಲ್ಲ! ರಾಮನಗರದ ಮಾರುಕಟ್ಟೆಯ ಗೂಡಿನಿಂದ ತೆಗೆದ ರೇಷ್ಮೆ ಕೃಷಿ ಉತ್ಪನ್ನ. ಕೊಡಗಿನ ಕಾಫಿ ಒಂಬತ್ತನೆಯ ಅಧ್ಯಾಯದಲ್ಲಿರುವುದರಿಂದ ಕೃಷಿ ಉತ್ಪನ್ನ. ಅದೇ ಜಿಲ್ಲೆಯಲ್ಲಿ, ಅದೇ ಮಳೆಯಲ್ಲಿ ಬೆಳೆದ ರಬ್ಬರು ಮಾತ್ರ 40ನೆಯ ಅಧ್ಯಾಯಕ್ಕೆ ಸೇರಿದ ಕೈಗಾರಿಕಾ ಸರಕು.

ಇದರ ಫಲ ಏನೆಂದರೆ, ಕೃಷಿ ಉತ್ಪನ್ನಗಳ ಮೇಲೆ ಭಾರತವು ಸುಂಕದ ಗರಿಷ್ಠ ಮಿತಿಯನ್ನು ಬಹುಮಟ್ಟಿಗೆ ನೂರಕ್ಕೆ 100, 150, ಕೆಲವು ಎಣ್ಣೆಗಳಿಗೆ 300 ಎಂದು ಕಾದಿರಿಸಿಕೊಂಡಿತು. ಒಣ ರಬ್ಬರಿಗೆ ಕಟ್ಟಿಕೊಂಡ ಮಿತಿ 25. ಅಂದರೆ 2015ರಲ್ಲಿ ಸುಂಕವನ್ನು 25ಕ್ಕೆ ಏರಿಸಿದಾಗಲೇ ಸೂರು ತಲೆಗೆ ತಾಗಿತ್ತು. ಮುಂದೆ ಯಾವ ಅರ್ಥಸಚಿವರು ಬಂದರೂ ನೇರ ದಾರಿಯಲ್ಲಿ ಅದನ್ನು ಮೀರಲಾರರು. ರಬ್ಬರನ್ನು ಕೃಷಿ ಉತ್ಪನ್ನವೆಂದು ಸಾರಿರೆಂದು ಕೇರಳದ ಬೆಳೆಗಾರರು ವರ್ಷಾಂತರಗಳಿಂದ ಕೇಳುತ್ತಿರುವುದರ ಒಳಗುಟ್ಟು ಇದು. ದೆಹಲಿಯಲ್ಲಿ ಸಾರಿದ ಮಾತ್ರಕ್ಕೆ ಜಿನೀವದ ಪಟ್ಟಿ ಬದಲಾಗದು. ಅಲ್ಲಿ ಕೂತು ಚೌಕಾಶಿ ಮಾಡಬೇಕು, ಇನ್ನೊಂದು ಕಡೆ ಏನಾದರೂ ಬಿಟ್ಟುಕೊಡಬೇಕಾದೀತು. ಇದನ್ನು ಬೆಳೆಗಾರರಿಗೆ ಬಿಡಿಸಿ ಹೇಳುವ ಧೈರ್ಯ ಯಾವ ದೊಡ್ಡ ಪಕ್ಷಕ್ಕೂ ಬಂದಂತಿಲ್ಲ.

ನಮ್ಮ ವ್ಯಾಪಾರಿ ಮಿತ್ರರ ಮಾತನ್ನೂ ಕೇಳಬೇಕು. ಸುಂಕ ಏರಿದರೆ ಕಚ್ಚಾ ಮಾಲು ತುಟ್ಟಿ, ಆಗ ಚಪ್ಪಲಿ, ಚಾಪೆ, ಹೋಸು ಮಾಡುವ ಸಣ್ಣ ಕಾರ್ಖಾನೆಗಳು ಬಾಳಲಾರವು ಎನ್ನುತ್ತಾರೆ. ಇದರಲ್ಲಿ ಸುಳ್ಳಿಲ್ಲ. ದೇಶದಲ್ಲಿ ಬೆಳೆಯುವ ರಬ್ಬರು ಸಾಲದು. 2023-24ರಲ್ಲಿ ಉತ್ಪಾದನೆ ಸುಮಾರು 8.57 ಲಕ್ಷ ಟನ್, ಬಳಕೆ ಸುಮಾರು 14.16 ಲಕ್ಷ ಟನ್. ಹೊರಗಿನಿಂದ ತರಲೇಬೇಕು. ಆದರೆ ತರುವವರು ಯಾರು, ಸುಂಕ ಕೊಡುವವರು ಯಾರು ಎಂದು ನೋಡಿರಿ. ದೇಶದ ರಬ್ಬರಿನಲ್ಲಿ ಸುಮಾರು ಮೂರನೇ ಎರಡು ಪಾಲನ್ನು ನುಂಗುವುದು ಟೈರ್ ಉದ್ಯಮ. ದೊಡ್ಡ ಕಂಪೆನಿಗೆ ರಫ್ತಿನ ವಾಗ್ದಾನದ ಮೇಲೆ ಸುಂಕವಿಲ್ಲದೆ ತರಿಸಿಕೊಳ್ಳುವ ಪರವಾನಗಿಯುಂಟು, ಹೊರದೇಶದಲ್ಲಿ ಬೆರಕೆ ಮಾಡಿಸಿ ಹೆಸರು ಬದಲಿಸಿ ತರುವ ಶಕ್ತಿಯುಂಟು, ಸಂಖ್ಯೆಯ ತಕರಾರು ಎದ್ದರೆ ವಕೀಲರುಂಟು. ತಿಂಗಳಿಗೆ ಎರಡು ಟನ್ ಕೊಳ್ಳುವ ಚಪ್ಪಲಿ ಕಾರ್ಖಾನೆಯವನಿಗೆ ಇದಾವುದೂ ಇಲ್ಲ. ಪೇಟೆಯಲ್ಲಿ ಸಿಕ್ಕ ದರಕ್ಕೆ ಕೊಳ್ಳಬೇಕು. ಮಾರಲು ಹೋದರೆ ಒಪ್ಪಂದದ ರಿಯಾಯಿತಿಯಲ್ಲಿ ಬಂದ ಸಿದ್ಧವಸ್ತು ಎದುರಿಗೆ ನಿಂತಿರುತ್ತದೆ. ಹೀಗಾಗಿ ಬೆಳೆಗಾರನಿಗೂ ಸಣ್ಣ ಕಾರ್ಖಾನೆಗೂ ಹಗೆತನ ಹಚ್ಚುವವರ ಮಾತನ್ನು ನಂಬಬೇಡಿರೆಂದು ನಾವು ಹೇಳುತ್ತೇವೆ. ಹೆಸರು ಬದಲಿಸುವ ಸೌಕರ್ಯ ಇವರಿಬ್ಬರಲ್ಲಿ ಒಬ್ಬರಿಗೂ ಇಲ್ಲ.

ಅಗ್ಗದ ರಬ್ಬರು ಬಂದರೆ ಟೈರು ಅಗ್ಗವಾಗುತ್ತದೆಂಬ ವಾದವೂ ಉಂಟು. ದೊಡ್ಡ ಟೈರ್ ಕಂಪೆನಿಗಳು ಕೂಡಿ ಬೆಲೆ ಕಟ್ಟಿದವೆಂದು ಸ್ಪರ್ಧಾ ಆಯೋಗವು 2018ರಲ್ಲಿ ತೀರ್ಮಾನಿಸಿ ಒಟ್ಟು 1,788 ಕೋಟಿ ರೂಪಾಯಿ ದಂಡ ಹಾಕಿದುದು 2022ರ ಫೆಬ್ರವರಿಯಲ್ಲಿ ಬೆಳಕಿಗೆ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ಅದನ್ನು ಮರುವಿಚಾರಣೆಗೆ ಆಯೋಗಕ್ಕೇ ಹಿಂದಿರುಗಿಸಿತು. ತಪ್ಪು ಯಾರದೆಂದು ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ರಬ್ಬರು ಬಿದ್ದಷ್ಟೇ ಟೈರೂ ಬಿದ್ದಿತೇ ಎಂಬುದನ್ನು ಆಟೋ ಓಡಿಸುವವರೂ ಲಾರಿ ಇಟ್ಟವರೂ ತಮ್ಮ ಹಳೆಯ ರಸೀದಿಗಳನ್ನು ತೆಗೆದು ನೋಡಬಹುದು.

ಸರ್ಕಾರದ ಮುಂದೆ ನಾವಿಡುವ ಬೇಡಿಕೆ ಆಕಾಶದ ಚಂದ್ರನೇನಲ್ಲ. ಸಂಯುಕ್ತವೆಂದು ಬರೆದು ಬರುವ ಪ್ರತಿ ಪೆಟ್ಟಿಗೆಯ ಮಾದರಿ ತೆಗೆದು, ಅದರಲ್ಲಿ ನೈಸರ್ಗಿಕ ರಬ್ಬರು ಎಷ್ಟಿದೆ ಎಂದು ಪರೀಕ್ಷಿಸಬೇಕು. ಇಷ್ಟಕ್ಕಿಂತ ಹೆಚ್ಚಿದ್ದರೆ ಅದು ಕಚ್ಚಾ ರಬ್ಬರೇ ಎಂದು ಚೀನದಂತೆ ಒಂದು ಮಿತಿಯನ್ನು ನಮ್ಮಲ್ಲೂ ಬರೆದಿಡಬೇಕು, ಮತ್ತು ಆ ಮಿತಿ ಮಿಶ್ರಣಕ್ಕೂ ಅನ್ವಯಿಸಬೇಕು. 2016ರ ಜನವರಿಯಲ್ಲಿ ನೈಸರ್ಗಿಕ ರಬ್ಬರಿನ ಆಮದನ್ನು ಚೆನ್ನೈ ಮತ್ತು ನ್ಹಾವಾ ಶೇವಾ ಎಂಬ ಎರಡೇ ಬಂದರುಗಳಿಗೆ ಸೀಮಿತಗೊಳಿಸಿದ ಸರ್ಕಾರಕ್ಕೆ, ಮನಸ್ಸು ಮಾಡಿದರೆ ಕಾವಲು ಹಾಕುವುದು ಗೊತ್ತಿದೆ. ಆಸಿಯಾನ್ ಒಪ್ಪಂದದ ಮಾತುಕತೆಯಲ್ಲಿ 4005ನ್ನೂ ಕಚ್ಚಾ ರಬ್ಬರಿನ ಸಾಲಿಗೇ ಸೇರಿಸಲು ಪಟ್ಟು ಹಿಡಿಯಬೇಕು. ಸಣ್ಣ ಕಾರ್ಖಾನೆಗಳು ಕೂಡಿ ಸಹಕಾರಿ ಸಂಘದ ಮೂಲಕ ಕಚ್ಚಾ ಮಾಲು ತರಿಸುವುದಾದರೆ, ದೊಡ್ಡವರಿಗೆ ಇರುವ ಸೌಲಭ್ಯವನ್ನು ಅವರಿಗೂ ಕೊಡಬೇಕು.

ಸುಳ್ಯ, ಪುತ್ತೂರಿನ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ, 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಶ್ರೀಲಂಕೆಯಿಂದ ಹಿಂದಿರುಗಿದ ಕುಟುಂಬಗಳಿಗೆ ಕೆಲಸ ಕೊಡಲಾಯಿತು. ಒಂದು ಒಪ್ಪಂದ ಅವರನ್ನು ಇಲ್ಲಿಗೆ ತಂದಿತು. ಈಗ ಅವರ ಮಕ್ಕಳ ಕೂಲಿ ಇನ್ನೊಂದು ಒಪ್ಪಂದದ ಮೇಲೆ ನಿಂತಿದೆ. ಆ ಭಾಗದ ಸಂಸತ್ ಸದಸ್ಯರು ಮುಂದಿನ ಅಧಿವೇಶನದಲ್ಲಿ ಒಂದೇ ಒಂದು ಪ್ರಶ್ನೆ ಕೇಳಲಿ: 2010ರಿಂದ ಈಚೆಗೆ 4001, 4005, 4002.80 ಈ ಮೂರು ಸಂಖ್ಯೆಗಳಲ್ಲಿ ವರ್ಷವರ್ಷವೂ ಎಷ್ಟೆಷ್ಟು ಟನ್ ಇಳಿಯಿತು, ಯಾವ ದೇಶದಿಂದ ಬಂದಿತು, ಎಷ್ಟು ಸುಂಕ ತೆತ್ತಿತು, ಎಷ್ಟು ಮಾದರಿಗಳನ್ನು ಪರೀಕ್ಷೆಗೆ ಕಳುಹಿಸಿದರು? ಉತ್ತರ ಬಂದ ವಾರ ಅದನ್ನು ಇದೇ ಪುಟದಲ್ಲಿ ಅಚ್ಚುಹಾಕುತ್ತೇವೆ.